ರ‍್ಯಾಮಿನ ಗೊರಸು

ಗಂಡ ಬೊಮ್ಮಪ್ಪನವರು ಸತ್ತು ಆರು ತಿಂಗಳು. ಕಳ್ಳಂಬೆಳ್ಳದ ಅವರ ಜೆರಾಕ್ಸ್ ಅಂಗಡಿಯನ್ನು ನಾನೇ ನಡೆಸುತ್ತೇನೆ, ಅವರಿಗಿಂತ ಒಂದು ಕೈ ಮುಂದೆ ಹೋಗಿ ತೋರಿಸುತ್ತೇನೆ ಎಂದು ಶಪಥ ಮಾಡಿದೆ! ಓದಿದ್ದು ಐದನೇ ಕ್ಲಾಸು. ಶಪಥಕ್ಕೆ ಅಷ್ಟು ಸಾಕು.

ಮೈದುನ ಮುದ್ದಪ್ಪ ದಿನಾ ಬಂದು ಗೋಡೆ ಅಳೆಯುತ್ತಿದ್ದ. "ಅತ್ಗೆ, ಆ ಕಂಪ್ಯೂಟ್ರು ಡಬ್ಬ ಕೆಟ್ಟ ದಿನ ಬಾಗ್ಲು ಹಾಕ್ಬುಡು. ನಾನು ಕೋಳಿ ಅಂಗಡಿ ಇಕ್ತೀನಿ." ಅಣ್ಣನ ಫೋಟೋಗೆ ಹಾರ ತರಲು ಮರೆತವನು ಅಳತೆ ಟೇಪು ಮರೆಯಲಿಲ್ಲ.

ಡಬ್ಬವೋ, ಸೋಂಬೇರಿಗಳ ಚಕ್ರವರ್ತಿ! ಒಂದು ಪಹಣಿ ತೆರೆಯುವಷ್ಟರಲ್ಲಿ ಗಿರಾಕಿ ಟೀ ಕುಡಿದು, ಸಕ್ಕರೆ ಕಮ್ಮಿಯೆಂದು ಜಗಳವಾಡಿ, ವಾಪಸು ಬರುತ್ತಿದ್ದ. ಹೊಸ ರ‍್ಯಾಮ್ ಹಾಕಿದರೆ ಕುದುರೆಯಂತೆ ಓಡುತ್ತದೆ ಎಂದು ಫೋನಿನ ವಿಡಿಯೋದಲ್ಲಿ ಯಾರೋ ಹೇಳಿದ. ಎಲ್ಲಕ್ಕಿಂತ ಹೊಸದನ್ನೇ ತರಿಸಿದೆ. ಡಿಡಿಆರ್ ಐದು!

ಮಗಳು ದಿವ್ಯ ಹಣೆ ಚಚ್ಚಿಕೊಂಡಳು. "ಅಮ್ಮಾ, ನಮ್ದು ಹಳೇ ಬೋರ್ಡು. ಡಿಡಿಆರ್ ಮೂರು ಮಾತ್ರ ಹಿಡಿಯೋದು. ಇದ್ರ ಅಂಚಿನ ಕಚ್ಚು ಬೇರೆ ಕಡೆ ಐತೆ, ಬೋರ್ಡಿನ ಸಂದೀಲಿ ಕೂರಲ್ಲ."

"ಕೂರುಸ್ತೀನಿ."

"ಹೆಂಗೆ?"

"ನಿಂಗ್ಯಾಕೆ? ಕಾಲೇಜಿಗೆ ಹೋಗು."

ನಾವು ಕುರಿ ಸಾಕಿದವರು. ಗೊರಸು ಕೆತ್ತುವ ಚಾಕು ತಂದೆ. ರ‍್ಯಾಮನ್ನು ಮೊಣಕಾಲ ಸಂದಿಯಲ್ಲಿ ಅದುಮಿ, ಕಚ್ಚನ್ನು ಬೇಕಾದಷ್ಟು ಅಗಲ ಕೆತ್ತಿದೆ. ಕುರಿಯಾದರೂ ಒದೆಯುತ್ತದೆ, ಇದು ಮರ್ಯಾದಸ್ಥ. ಗುದ್ದಿ ಕೂರಿಸಿ ಸ್ವಿಚ್ ಹಾಕಿದೆ. ಚಟ್! ಕೂದಲು ಸುಟ್ಟ ವಾಸನೆ. ಪರದೆ ಕಪ್ಪು. ನನ್ನ ಕಣ್ಣ ಮುಂದೆ ಬರೀ ಕೋಳಿಗಳು!

ಡಬ್ಬ ಹೊತ್ತು ಶಿರಾ ಬಸ್ಸು ಹತ್ತಿದೆ. ರಿಪೇರಿ ಪರಮೇಶ್ ಬಿಚ್ಚಿ ನೋಡಿದ.

"ಬೋರ್ಡು ಉಳ್ಕಂಡೈತೆ ಕಣಕ್ಕ. ಡಿಡಿಆರ್ ಮೂರರದ್ದೇ ಇನ್ನೊಂದು ತುಂಡು ಹಾಕ್ತೀನಿ, ಚೆನ್ನಾಗೇ ಓಡ್ತೈತೆ. ಇದನ್ನ ಕೆತ್ತಿದ್ಯಾರು?"

"ನಾನೇ. ನನ್ ಮಗಳ್ಗೆ ಹೇಳ್ಬೇಡ ಕಣಪ್ಪ, ನಗ್ತಾಳೆ."

ಅವನು ಡ್ರಾಯರ್ ಎಳೆದು ಇನ್ನೊಂದು ರ‍್ಯಾಮ್ ತೆಗೆದು ನನ್ನದರ ಪಕ್ಕಕ್ಕಿಟ್ಟ. ಅದೇ ಚಾಕಿನ ಗುರುತು, ಅದೇ ಕೆತ್ತನೆ.

"ಬೊಮ್ಮಣ್ಣ ತಂದಿದ್ದು. ಅವ್ರದ್ದು ಡಿಡಿಆರ್ ನಾಲ್ಕು. 'ನಮ್ಮೋಳ್ಗೆ ಹೇಳ್ಬೇಡ ಕಣ್ಲಾ, ನಗ್ತಾಳೆ' ಅಂದಿದ್ರು."

ಅವರು ನಾಲ್ಕು, ನಾನು ಐದು. ಶಪಥ ನೆರವೇರಿತ್ತು. ಒಂದು ಕೈ ಮುಂದೆಯೇ!

ನಮ್ಮವರು ಹೇಳಿದ್ದೂ ಸುಳ್ಳಾಗಲಿಲ್ಲ. ಆರು ತಿಂಗಳ ಮೇಲೆ, ಪರಮೇಶನ ಅಂಗಡಿಯಲ್ಲಿ ನಿಂತು, ನಕ್ಕೆ.