ತಲೆಗೆ ಏನೂ ಹಚ್ಚಬೇಡಿ

ಆ ಶನಿವಾರದ ಕಷ್ಟಕ್ಕೆಲ್ಲ ಕಾರಣ ಚಂದ್ರಾಮಪ್ಪನ ಅರೆತಲೆನೋವಲ್ಲ. ನೋವು ಬಂದಿದೆ ಎಂದು ಅವನು ಬಾಯಿಬಿಟ್ಟು ಹೇಳಿದ್ದು. ಸುರಪುರದ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಆ ನೋವು ಹೊಸದೇನಲ್ಲ. ಆಗಾಗ ಬಲಗಣ್ಣಿನ ಮೇಲೆ ಬಂದು ಕೂರುತ್ತಿತ್ತು, ಬೇಕಾದಷ್ಟು ಹೊತ್ತು ಇದ್ದು ಎದ್ದು ಹೋಗುತ್ತಿತ್ತು. ಅದರ ವಿಷಯದಲ್ಲಿ ಓಣಿಯಲ್ಲಿ ಎರಡು ಪಕ್ಷಗಳಿದ್ದವು. ಒಂದು ಪಕ್ಷ ತಲೆಗೆ ಕಾವು ಕೊಡಬೇಕೆನ್ನುತ್ತಿತ್ತು, ಇನ್ನೊಂದು ತಂಪು ಕೊಡಬೇಕೆನ್ನುತ್ತಿತ್ತು. ಎರಡೂ ಪಕ್ಷದವರು ಅವನ ತಲೆಯನ್ನು ಪಂಚಾಯಿತಿ ಜಾಗವೆಂದೇ ತಿಳಿದಿದ್ದರು.

ಈ ಹಿಂಸೆ ತಾಳಲಾರದೆ ಅವನು ಹಿಂದಿನ ತಿಂಗಳು ಶಹಾಪುರಕ್ಕೆ ಹೋಗಿ ನರರೋಗದ ಡಾಕ್ಟರ್ ಮೆಹನಾಜ ಅವರನ್ನು ಕಂಡುಬಂದಿದ್ದ. ಅವರು ಕಲಬುರಗಿಯಿಂದ ತಿಂಗಳಿಗೊಂದೇ ಶನಿವಾರ ಬರುವವರು.

"ನರದ ತುದಿಗೆ ಬಿಸಿ ಗುರುತಿಸೋವು ಬ್ಯಾರೆ, ತಂಪು ಗುರುತಿಸೋವು ಬ್ಯಾರೆ ಇರ್ತಾವ್ರಿ," ಎಂದು ಡಾಕ್ಟರ್ ಸಮಾಧಾನದಿಂದ ತಿಳಿಸಿ ಹೇಳಿದ್ದರು. "ಖಾರ ಹತ್ತಿದ್ರ ಬಿಸಿ ಗುರುತಿಸೋದಕ್ಕ ಬೆಂಕಿ ಬಿತ್ತು ಅನ್ನಸ್ತದ. ಪುದಿನಾ ಹತ್ತಿದ್ರ ತಂಪು ಗುರುತಿಸೋದಕ್ಕ ಬರ್ಫ ಬಿತ್ತು ಅನ್ನಸ್ತದ. ಖರೇ ಅಂದ್ರ ಬೆಂಕಿನೂ ಇರಂಗಿಲ್ಲ, ಬರ್ಫೂ ಇರಂಗಿಲ್ಲ. ಆದ್ರ ಕೆಲವರಿಗಿ ಅಷ್ಟಕ್ಕೇ ನೋವು ಏಳ್ತದ, ಕೆಲವರಿಗಿ ಅದರಿಂದಾನೇ ಆರಾಮ ಆಗ್ತದ. ನಿಮ್ಮ ತಲಿ ಯಾವ ಥರದ್ದು ನೋಡೋಣು. ಮುಂದಿನ ಸಲ ಬರೋ ದಿನ ತಲಿಗಿ ಏನೂ ಹಚ್ಚಬ್ಯಾಡ್ರಿ. ನೋವು ಇದ್ರ ಹಂಗೇ ತಗೊಂಡು ಬರ್ರಿ."

ಚಂದ್ರಾಮಪ್ಪ ತಿಂಗಳಿಡೀ ಆ ದಿನಕ್ಕಾಗಿ ಕಾದಿದ್ದ. ಬಿಸಿಯೋ ತಂಪೋ ಒಮ್ಮೆ ತೀರ್ಮಾನವಾದರೆ ಸಾಕು, ಓಣಿಯ ಅರ್ಧ ಜನರ ಬಾಯಿ ಮುಚ್ಚುತ್ತದೆ. ಉಳಿದರ್ಧ ಜನರನ್ನು ಆಮೇಲೆ ನೋಡಿಕೊಳ್ಳಬಹುದು. ಶನಿವಾರ ಬೆಳಿಗ್ಗೆ ಅಂಗಳದ ಹಾಸಿಗೆಯಲ್ಲಿ ಕಣ್ಣು ಬಿಟ್ಟಾಗ ಬಲಗಣ್ಣಿನ ಮೇಲೆ ನೋವು ಸರಿಯಾಗಿ ಬಂದು ಕೂತಿತ್ತು. ಜೀವನದಲ್ಲಿ ಮೊದಲ ಸಲ ಅವನಿಗೆ ಅದನ್ನು ಕಂಡು ಸಂತೋಷವಾಯಿತು.

"ಬಂದದ ನೋಡು," ಎಂದು ಹೆಂಡತಿ ಯಶೋಧರಾಳಿಗೆ ಹೇಳಿದ.

ಅವಳು ಉತ್ತರ ಕೊಡುವ ಮೊದಲೇ ಪಕ್ಕದ ಮನೆಯ ಸುಂದ್ರಮ್ಮ ಗೋಡೆಯಾಚೆಯಿಂದ ಕೇಳಿದಳು: "ತಲಿನೋವೇನು ತಮ್ಮಾ?"

ಸುಂದ್ರಮ್ಮ ಕಾವಿನ ಪಕ್ಷದ ಹಿರಿಯಳು. ಚಂದ್ರಾಮಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಒಣಶುಂಠಿ ತೇಯ್ದ ಸಾಣೆಕಲ್ಲಿನೊಂದಿಗೆ ಅಡುಗೆಮನೆಯಲ್ಲಿ ನಿಂತಿದ್ದಳು.

"ಆಯೀ, ಡಾಕ್ಟರ್ ಏನೂ ಹಚ್ಚಬ್ಯಾಡ ಅಂದಾರ," ಎಂದ.

"ಅವರು ಅಂದದ್ದು ಔಷಧಕ್ಕ. ಇದು ಔಷಧ ಅಲ್ಲ, ಶುಂಠಿ," ಎಂದು ಸುಂದ್ರಮ್ಮ ಹಣೆಯ ತುಂಬ ಬಳಿದು, ಉಳಿದದ್ದನ್ನು ಕಿವಿಯ ಹಿಂದಕ್ಕೂ ಸವರಿ ಹೋದಳು.

ಚಂದ್ರಾಮಪ್ಪ ಬಚ್ಚಲಿಗೆ ಓಡಿದ. ಅಲ್ಲಿ ಹೊಸ ಸಮಸ್ಯೆ ಎದುರಾಯಿತು. ತಣ್ಣೀರಿನಿಂದ ತೊಳೆದರೆ ತಂಪು, ಬಿಸಿನೀರಿನಿಂದ ತೊಳೆದರೆ ಬಿಸಿ. ಡಾಕ್ಟರು ಎರಡೂ ಬೇಡವೆಂದಿದ್ದರು.

"ಬೆಚ್ಚಗ ಮಾಡಿ ಕೊಡ್ಲೇನ್ರಿ?" ಎಂದು ಯಶೋಧರಾ ಹೊರಗಿನಿಂದ ಕೇಳಿದಳು.

"ಬೆಚ್ಚಗಿಂದು ಯಾ ಕಡಿ ಬರ್ತದ, ಬಿಸಿ ಕಡಿಗೋ, ತಂಪಿನ ಕಡಿಗೋ?"

ಯಶೋಧರಾ ಹತ್ತು ವರ್ಷ ಸಂಸಾರ ಮಾಡಿದವಳು. ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನು ಅವಳು ಎಂದೋ ಬಿಟ್ಟಿದ್ದಳು. ಕೊನೆಗೆ ಅವನು ಒಣ ಟವೆಲಿನಿಂದ ತಿಕ್ಕಿಕೊಂಡ. ಶುಂಠಿಯಲ್ಲಿ ಸ್ವಲ್ಪ ಭಾಗ ಟವೆಲಿಗೆ ಹೋಯಿತು, ಉಳಿದದ್ದು ಕಣ್ಣಿಗೆ ಇಳಿಯಿತು.

ಶಾಲೆಯಲ್ಲಿ ಯಾರಿಗೂ ಏನೂ ಹೇಳಬಾರದೆಂದು ದಾರಿಯಲ್ಲೇ ನಿರ್ಧರಿಸಿದ್ದ. ಹೇಳಲೂ ಇಲ್ಲ. ಆದರೆ ಒಂದು ಕಣ್ಣು ಮುಚ್ಚಿ, ಹಣೆ ಕೆಂಪಗೆ ಮಾಡಿಕೊಂಡು ಹಾಜರಿ ಪುಸ್ತಕ ಮುಂದಿಟ್ಟುಕೊಂಡ ಮನುಷ್ಯ ಬಾಯಲ್ಲಿ ಹೇಳಬೇಕಾದದ್ದೇನೂ ಉಳಿದಿರುವುದಿಲ್ಲ. ಅವನ ಓಣಿಯವರೇ ಆದ ಡ್ರಾಯಿಂಗ್ ಮಾಸ್ತರ ಅಮೀನಸಾಬರು ಹಿಂದಿನಿಂದ ಬಂದರು. ಅವರು ತಂಪಿನ ಪಕ್ಷ. ಪುದಿನಾ ಮುಲಾಮಿನ ಬಾಟಲಿ ಅವರ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ಇರುತ್ತಿತ್ತು.

"ಶುಂಠಿ ಹಚ್ಚಿದವರು ಯಾರ್ರಿ?" ಎಂದು ಕೇಳಿದರು. ಕೇಳುವಾಗಲೇ ಅವರ ಬೆರಳು ಹಣೆಯ ಮೇಲೆ ತಿರುಗುತ್ತಿತ್ತು.

"ಬ್ಯಾಡ್ರಿ ಸರ್. ಇವತ್ತ ತಂಪು ಹಚ್ಚಂಗಿಲ್ಲ."

"ಇದು ತಂಪಿಗಿ ಹಚ್ಚಾಕತ್ತಿಲ್ರಿ, ಶುಂಠಿ ಕಾವು ತಗಿಯಾಕ ಹಚ್ಚಾಕತ್ತೇನಿ. ಅದಕ್ಕ ಇದು ವಜಾ ಆದ್ರ ಸೊನ್ನಿ ಉಳಿತದ. ನೀವು ಏನೂ ಹಚ್ಚಿಲ್ಲ ಅಂತ ಲೆಕ್ಕ."

ಇಪ್ಪತ್ತು ವರ್ಷ ಪಗಾರದ ಬಿಲ್ಲು ಮಾಡಿದ ಚಂದ್ರಾಮಪ್ಪನಿಗೆ ಈ ಲೆಕ್ಕ ಒಂದು ಗಳಿಗೆ ಸರಿಯೆನಿಸಿತು. ಮರುಗಳಿಗೆಯಲ್ಲಿ ಶುಂಠಿ ಇದ್ದ ಕಣ್ಣಿಗೆ ಪುದಿನಾವೂ ಇಳಿಯಿತು. ಸೊನ್ನೆ ಉಳಿಯಲಿಲ್ಲ. ಗಾಳಿ ಬೇಕೆನಿಸಿ, ಕಣ್ಣೀರು ಸುರಿಸುತ್ತ ಅಂಗಳಕ್ಕೆ ಬಂದ.

ಅಂಗಳದ ಮೂಲೆಯಲ್ಲಿ ಬಿಸಿಯೂಟದ ಅಡುಗೆಮನೆ. ಅಡುಗೆಯ ಮೌನಮ್ಮ ಯಾವ ಪಕ್ಷದವಳೂ ಅಲ್ಲ. ಗಂಡಸೊಬ್ಬ ಬೆಳಿಗ್ಗೆ ಬೆಳಿಗ್ಗೆ ಅಳುತ್ತ ನಿಂತಿದ್ದಾನೆಂದರೆ ಅವಳಿಗೆ ಅದು ತಲೆಯ ವಿಷಯವಾಗಿ ಕಾಣಲಿಲ್ಲ.

"ಯಾರದೋ ನದರ ತಾಗ್ಯಾದ್ರಿ ನಿಮಗ," ಎಂದಳು.

"ತಲಿಗಿ ಮಾತ್ರ ಏನೂ ಹಚ್ಚಬ್ಯಾಡವ್ವಾ. ಕೈ ಮುಗಿತೀನಿ."

"ನಾ ಮುಟ್ಟಂಗೇ ಇಲ್ರಿ," ಎಂದು ಮೌನಮ್ಮ ಹೇಳಿದ ಮಾತಿಗೆ ತಪ್ಪಲಿಲ್ಲ. ಉಪ್ಪು ಮತ್ತು ಒಂದು ಹಿಡಿ ಒಣಮೆಣಸಿನಕಾಯಿ ಹಿಡಿದು ಅವನ ಮುಖದ ಸುತ್ತ ನಿವಾಳಿಸಿ ದೃಷ್ಟಿ ತೆಗೆದು ಒಲೆಗೆ ಹಾಕಿದಳು.

ಮೊದಲು ಚಂದ್ರಾಮಪ್ಪ ಕೆಮ್ಮಿದ. ಆಮೇಲೆ ಒಂಬತ್ತನೆಯ ತರಗತಿ ಕೆಮ್ಮಿತು. ಹೆಡ್‌ಮಾಸ್ತರರು ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ಬಂದರು.

"ಘಾಟು ಬಂತಲ್ಲವ್ವಾ. ಅಂದ್ರ ನದರ ಇಲ್ಲಂತ ಆತಲ್ಲ," ಎಂದು ಅಮೀನಸಾಬರು ಕಣ್ಣೊರೆಸುತ್ತ ಕೇಳಿದರು.

"ಮೆಣಸಿನಕಾಯಿ ಛಲೋ ಅದಾವ್ರಿ, ಅದಕ್ಕ ಬಂದದ," ಎಂದಳು ಮೌನಮ್ಮ.

ಘಾಟು ಇಳಿಯುವ ಹಾಗೆ ಕಾಣದ್ದರಿಂದ ಶಾಲೆಯನ್ನು ಬೇಗ ಬಿಟ್ಟರು. ಮಕ್ಕಳು ಚಂದ್ರಾಮಪ್ಪನಿಗೆ ನಮಸ್ಕಾರ ಹೇಳಿ ಹೋದರು.

ಶಹಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಗುರುತಿನವರು ಯಾರೂ ಇರಲಿಲ್ಲ. ಇನ್ನು ಯಾರ ಕೈಯೂ ತಲೆಗೆ ತಾಗುವುದಿಲ್ಲವೆಂಬ ಧೈರ್ಯದಲ್ಲಿ ಅವನು ಹಾಗೇ ಕಣ್ಣು ಮುಚ್ಚಿದ. ಎಚ್ಚರವಾದಾಗ ತಲೆ ಭಾರವಾಗಿತ್ತು, ಕುತ್ತಿಗೆಯಿಂದ ಬೆನ್ನಿಗೆ ನೀರು ಹರಿಯುತ್ತಿತ್ತು, ಸುತ್ತ ಮೀನಿನ ವಾಸನೆ. ಪಕ್ಕದಲ್ಲಿ ಕೂತಿದ್ದವನು ಕೃಷ್ಣಾ ಹೊಳೆಯ ಕಡೆಯಿಂದ ಮೀನು ತಂದು ಮಾರುವ ವೆಂಕಪ್ಪ. ಅವನ ಡಬ್ಬಿಯಲ್ಲಿ ಮೀನಿಗೆ ಹಾಕಿದ್ದ ಬರ್ಫಿನ ಗಡ್ಡೆಗಳ ಅರ್ಧಭಾಗ ಟವೆಲಿನಲ್ಲಿ ಗಂಟಾಗಿ ಚಂದ್ರಾಮಪ್ಪನ ನೆತ್ತಿಯ ಮೇಲಿತ್ತು.

"ನಿದ್ದ್ಯಾಗ ನರಳಾಕತ್ತಿದ್ರಿ ಸರ್," ಎಂದ ವೆಂಕಪ್ಪ. "ನೋಡಿ ಸುಮ್ನ ಕುಂದ್ರಾಕ ಮನಸಾಗಲಿಲ್ಲ. ನೀವೇನೂ ಕೊಡಬ್ಯಾಡ್ರಿ."

ಆಸ್ಪತ್ರೆಯ ಬೆಂಚಿನ ಮೇಲೆ ಚಂದ್ರಾಮಪ್ಪ ಕೂತೊಡನೆ ಅಕ್ಕಪಕ್ಕದವರು ಎದ್ದು ನಿಂತರು. ಡಾಕ್ಟರ್ ಮೆಹನಾಜ ಮೊದಲು ಕಿಟಕಿ ತೆಗೆದು, ಆಮೇಲೆ ಮಾತಾಡಿಸಿದರು.

"ನೋವು ಈಗ ಎಷ್ಟದ್ರಿ?"

ಚಂದ್ರಾಮಪ್ಪ ಬಲಗಣ್ಣಿನ ಮೇಲೆ ಒತ್ತಿ ನೋಡಿದ. ಇರಲಿಲ್ಲ. ಎಲ್ಲಾದರೂ ಸರಿದಿರಬಹುದೆಂದು ಎಡಗಡೆಯೂ ಹುಡುಕಿದ. ಅಲ್ಲಿಯೂ ಇರಲಿಲ್ಲ. ತಿಂಗಳಿಡೀ ಕಾದು, ಇಷ್ಟು ಜನರಿಂದ ಕಾಪಾಡಿಕೊಂಡು ತಂದ ನೋವು ದಾರಿಯಲ್ಲೆಲ್ಲೋ ಇಳಿದು ಹೋಗಿತ್ತು. ಅವನಿಗೆ ಅಳು ಬಂದಂತಾಯಿತು. ನಡೆದದ್ದನ್ನೆಲ್ಲ ಹೇಳಿದ.

"ಶುಂಠಿಗಿ ಹೋತೋ, ಪುದಿನಾಕ್ಕ ಹೋತೋ, ಬರ್ಫಿಗಿ ಹೋತೋ, ಇಲ್ಲಾ ತಾನೇ ಹೋತೋ, ಯಾರಿಗಿ ಗೊತ್ತಾಗಬೇಕ್ರಿ?" ಎಂದರು ಡಾಕ್ಟರು. "ಒಂದು ಕೆಲಸ ಮಾಡ್ರಿ. ಮುಂದ ನೋವು ಬಂದಾಗ ಅವರ ಕೈಲೇ ಹಚ್ಚಿಸ್ಕೊರಿ. ಆದ್ರ ಒಂದು ನೋವಿಗಿ ಒಂದೇ. ಯಾವುದಕ್ಕ ಹೆಚ್ಚಾತು, ಯಾವುದಕ್ಕ ಕಡಿಮಿ ಆತು ಬಂದು ಹೇಳ್ರಿ. ಮೆಣಸಿನಕಾಯಿ ಹೊಗಿ ಮಾತ್ರ ಬ್ಯಾಡ."

"ಅವರ ಕೈಲೇ ಹಚ್ಚಿಸ್ಕೊಬೇಕೇನ್ರಿ?"

"ಬ್ಯಾಡಂದ್ರ ಬಿಡ್ತಾರೇನ್ರಿ ಅವರು?"

ಈ ಮಾತನ್ನು ಯಾರಿಗೂ ಹೇಳಬಾರದೆಂದುಕೊಂಡೇ ಅವನು ಮರಳಿ ಬಂದ. ಆದರೆ ಯಶೋಧರಾಳಿಗೆ ಹೇಳದೆ ಇರಲಾಗಲಿಲ್ಲ, ಮನೆಗಳ ನಡುವಿನ ಗೋಡೆ ತೆಳ್ಳಗಿತ್ತು.

ಭಾನುವಾರ ಬೆಳಿಗ್ಗೆ ತಲೆ ಹಗುರಾಗಿತ್ತು. ಚಹ ಕುಡಿಯೋಣವೆಂದು ಲೋಟ ಹಿಡಿದು ಹೊರಗೆ ಬಂದರೆ ಬೇವಿನ ಮರದ ನೆರಳಿನಲ್ಲಿ ಸುಂದ್ರಮ್ಮ ಸಾಣೆಕಲ್ಲಿನೊಂದಿಗೆ, ಅಮೀನಸಾಬರು ಬಾಟಲಿಯೊಂದಿಗೆ ಕೂತಿದ್ದರು. ಓಣಿಗೆ ಮೀನು ಮಾರಲು ಬಂದ ವೆಂಕಪ್ಪನೂ ಸುದ್ದಿ ಕೇಳಿ ಡಬ್ಬಿ ಇಳಿಸಿದ್ದ. ಮೌನಮ್ಮ ತನ್ನನ್ನು ಯಾಕೆ ಬಿಟ್ಟರೆಂದು ಕೇಳಲು ಬಂದಿದ್ದಳು. ಅವಳ ಸೆರಗಿನ ಗಂಟು ಉಬ್ಬಿಕೊಂಡಿತ್ತು.

"ಹಣಿ ತಾ ತಮ್ಮಾ. ಮೊದಲಿನ ಸರದಿ ನಂದು ಅಂತ ಮಾತಾಗ್ಯಾದ," ಎಂದಳು ಸುಂದ್ರಮ್ಮ.

"ನೋವೇ ಇಲ್ಲ ಆಯೀ."

ನೆರಳಿನಲ್ಲಿದ್ದವರ ಮುಖ ಸಣ್ಣಗಾಯಿತು. ಅಮೀನಸಾಬರು ಓದಿದವರು. ಅವರು ಸ್ವಲ್ಪ ಯೋಚಿಸಿ ಯಶೋಧರಾಳನ್ನು ಕೇಳಿದರು, "ತಂಗೀ, ಇವರಿಗಿ ನೋವು ಯಾತಕ್ಕ ಬರ್ತದವ್ವಾ?"

ಯಶೋಧರಾ ಸುಳ್ಳು ಹೇಳುವವಳಲ್ಲ. "ಬಿಸಲಿಗಿ ಕುಂತ್ರ ಬರ್ತದ್ರಿ. ಮುಂಜಾನಿ ಚಾ ತಪ್ಪಿದ್ರೂ ಬರ್ತದ."

ವೆಂಕಪ್ಪ ಒಳಗಿನಿಂದ ಕುರ್ಚಿ ತಂದು ಅಂಗಳದ ನಡುವೆ ಹಾಕಿದ. ಚಹದ ಲೋಟ ತುಟಿಗೆ ಮುಟ್ಟದೆ ಮನೆಯೊಳಗೆ ವಾಪಸು ಹೋಯಿತು. ಸುರಪುರದ ಏಪ್ರಿಲ್ ಬಿಸಿಲಿನಲ್ಲಿ ಚಂದ್ರಾಮಪ್ಪ ಬರಿತಲೆಯಲ್ಲಿ ಕೂತ. ಉಳಿದವರು ಬೇವಿನ ನೆರಳಿನಿಂದ ಅವನನ್ನೇ ನೋಡುತ್ತಿದ್ದರು.

"ಬಂತೇನ್ರಿ?"

"ಇನ್ನಾ ಇಲ್ರಿ."

"ಅವಸರ ಇಲ್ಲ. ಆರಾಮ ಕುಂದರ್ರಿ," ಎಂದು ಅಮೀನಸಾಬರು ಧೈರ್ಯ ಹೇಳಿದರು.

"ಬರ್ಫ ಕರಗಾಕತ್ತದ್ರಿ ಸರ್, ಜರಾ ಲಗೂ ನೋಡ್ರಿ," ಎಂದ ವೆಂಕಪ್ಪ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬಲಗಣ್ಣಿನ ಮೇಲೆ ಏನೋ ಮೆಲ್ಲಗೆ ಬಂದು ಕೂತಿತು. ಚಂದ್ರಾಮಪ್ಪ ತುಟಿ ಬಿಗಿಹಿಡಿದ. ಆದರೆ ಬಾಯಿ ಬಿಡದಿದ್ದರೆ ಬಿಸಿಲಿನಿಂದ ಏಳುವಂತಿರಲಿಲ್ಲ.

"ಬಂದದ," ಎಂದ.

ನಾಲ್ವರೂ ಒಮ್ಮೆಲೇ ಎದ್ದರು. ವೆಂಕಪ್ಪನ ಬರ್ಫು ಇನ್ನು ಕಾಯುವಂತಿರಲಿಲ್ಲ, ಅವನು ಸರದಿ ಬಿಟ್ಟು ನುಗ್ಗಿದ. ಅದನ್ನು ಕಂಡು ಸುಂದ್ರಮ್ಮ ಅವಸರ ಮಾಡಿದಳು, ಅವಳನ್ನು ಕಂಡು ಅಮೀನಸಾಬರು. ಶುಂಠಿ, ಪುದಿನಾ, ಬರ್ಫು ಮೂರೂ ಒಂದೇ ಗಳಿಗೆಯಲ್ಲಿ ಅವನ ಹಣೆಗೆ ಬಂದು ಸೇರಿದವು. ಅಡುಗೆಮನೆಯ ಕಡೆಯಿಂದ ಘಾಟು ಬರತೊಡಗಿತು.

ಯಶೋಧರಾ ಸೆರಗನ್ನು ಮೂಗಿಗೆ ಹಿಡಿದು ಹತ್ತಿರ ಬಂದು ಗಂಡನ ಕಡೆ ಬಗ್ಗಿದಳು.

"ಯಾವುದಕ್ಕ ಹೆಚ್ಚಾತು, ಯಾವುದಕ್ಕ ಕಡಿಮಿ ಆತು, ನೆನಪಿಟ್ಗೋರಿ," ಎಂದಳು. "ಡಾಕ್ಟರಿಗಿ ಹೇಳಬೇಕಲ್ಲ."