ಹೊಸ ಹಲ್ಲು, ಹಳೆಯ ಸರಪಳಿ

ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಪುಣೆಯ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದುವಾಗ ಈ ಅಪನಂಬಿಕೆ ಒಂದು ಶೋಕಿಯಾಗಿತ್ತು. ಹಾನಗಲ್ಲಿಗೆ ಬಂದು ವಕೀಲಿ ಹಿಡಿದ ಮೇಲೆ ಹೊಟ್ಟೆಪಾಡಾಯಿತು. ಸಾಕ್ಷಿದಾರನನ್ನು ಎದುರಿಗೆ ನಿಲ್ಲಿಸಿಕೊಂಡು, "ಅವತ್ತ ಎತ್ತಿನ ಕೊಳ್ಳಾಗ ಗಂಟಿ ಇತ್ತೋ ಇಲ್ಲೋ, ನೆನಪ ಮಾಡ್ಕೊಂಡು ಹೇಳಪಾ" ಎಂದು ಕೇಳಿ, ಅವನು ಇತ್ತು ಎಂದರೆ ಇರಲಿಲ್ಲವೇನೋ ಎಂದೂ, ಇರಲಿಲ್ಲ ಎಂದರೆ ಇತ್ತೇನೋ ಎಂದೂ ಅವನಿಗೇ ಅನಿಸುವಂತೆ ಮಾಡುವುದು ನನ್ನ ಕಸುಬು. ತೀರ ಸ್ಪಷ್ಟವಾಗಿ ನೆನಪಿರುವವನೇ ಸುಳ್ಳು ಹೇಳುತ್ತಾನೆ ಎಂಬುದು ನನ್ನ ಸಿದ್ಧಾಂತ. ಕಚೇರಿಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ತೊಂದರೆಯೆಂದರೆ, ಸಂಜೆ ಕರೀ ಕೋಟನ್ನು ಗೂಟಕ್ಕೆ ಹಾಕಿದ ಹಾಗೆ ಇದನ್ನು ಬಿಚ್ಚಿ ತೂಗುಹಾಕಲು ಬರುವುದಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನನ್ನ ಹತ್ತಿರ ಒಂದು ಮೋಟಾರು ಸೈಕಲ್ಲು ಇತ್ತು. ಅದರ ಹಿಂದಿನ ಗಾಲಿಯ ಹಲ್ಲುಚಕ್ರ ಎಷ್ಟು ಸವೆದಿತ್ತೆಂದರೆ, ಒಂದೊಂದು ಹಲ್ಲೂ ಕುಡಗೋಲಿನ ತುದಿಯಂತೆ ಒಂದೇ ಕಡೆಗೆ ಬಾಗಿ ನಿಂತಿತ್ತು. ಎಂಜಿನ್ನಿನ ಬದಿಯ ಸಣ್ಣ ಚಕ್ರದ ಗತಿಯೂ ಅಷ್ಟೇ. ಆಗ ಇಂಥ ಸಾಮಾನು ಹುಬ್ಬಳ್ಳಿಯಲ್ಲೂ ಸಿಗುತ್ತಿರಲಿಲ್ಲ. ಹಳೆಯ ಸ್ನೇಹಿತನೊಬ್ಬ ಪುಣೆಯಲ್ಲಿ ಎಲ್ಲೆಲ್ಲಿಯೋ ಅಲೆದು ಎರಡು ಚಕ್ರಗಳನ್ನೂ ಒಂದು ಸರಪಳಿಯನ್ನೂ ಹೊಂದಿಸಿ ಕಳಿಸಿಕೊಟ್ಟ. ಚಕ್ರಗಳನ್ನು ಹಾಕಿಸಲೇಬೇಕು, ಅದರಲ್ಲಿ ವಾದವಿರಲಿಲ್ಲ. ವಾದವಿದ್ದದ್ದು ಸರಪಳಿಯದು. ಗ್ರೀಸು ಸವರಿದ ಕಾಗದದಲ್ಲಿ ಸುತ್ತಿದ ಆ ಮಿರಿಮಿರಿ ಮಿಂಚುವ ಸರಪಳಿಯನ್ನು ನೋಡಿದ ಕೂಡಲೇ ನನ್ನೊಳಗೆ ನಮ್ಮ ಮನೆತನ ಎದ್ದು ಕುಳಿತಿತು. ನಮ್ಮಲ್ಲಿ ಹೊಸದು ಬಂದರೆ ಮೊದಲು ಟ್ರಂಕಿಗೆ ಹೋಗಬೇಕು. ನಮ್ಮಪ್ಪನ ಜರಿಯ ರುಮಾಲು ಹಾಗೆಯೇ ಹೋಗಿ ಟ್ರಂಕಿನಲ್ಲೇ ಮುದುಕಾಯಿತು. ನಾನು ಸರಪಳಿಯನ್ನು ಹಳೆಯ ಧೋತರದಲ್ಲಿ ಸುತ್ತಿ, ಬೇವಿನೆಲೆ ಹಾಕಿ, ಕೀಲಿ ಜಡಿದೆ. ಕಬ್ಬಿಣಕ್ಕೆ ನುಸಿ ಹಿಡಿಯುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ಇದಕ್ಕೆ ನನ್ನ ಹೆಂಡತಿ ನೀಲವ್ವ ಒಪ್ಪಲಿಲ್ಲ. ಅವಳಿಗೆ ಕಾರಣವಿತ್ತು. ಹಿರೇಕೆರೂರಿನ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದ ಅವಳ ತಂಗಿ ಶಾಂತವ್ವನಿಗೆ ಚೊಚ್ಚಲ ಬಸಿರಿನ ಕುಬುಸದ ಕಾರ್ಯ ಬರುವ ಶುಕ್ರವಾರ ಇತ್ತು. ತಾಯಿ ತೀರಿಕೊಂಡಿದ್ದರಿಂದ ತವರಿನ ಸೀರೆ ಕುಬುಸ ಒಯ್ದು ಉಡಿ ತುಂಬಬೇಕಾದವಳು ಇವಳೇ. ಅದು ಸೂರ್ಯ ನೆತ್ತಿಗೆ ಬರುವುದರೊಳಗೆ ಆಗಬೇಕು. ತಪ್ಪಿದರೆ ಅತ್ತೆಯ ಮನೆಯವರ ಎದುರಿಗೆ ಆ ಹುಡುಗಿ ತವರಿಲ್ಲದವಳಾಗಿ ಕೂಡಬೇಕು. ಇದ್ದಿಲಿನ ಮೇಲೆ ಓಡುತ್ತಿದ್ದ ಬಸ್ಸು ಬರುತ್ತದೆಯೋ ಇಲ್ಲವೋ ಅದರ ಡ್ರೈವರನಿಗೇ ಗೊತ್ತಿರುತ್ತಿರಲಿಲ್ಲ.

"ಹಳೇ ಸರಪಳಿ ನಡುದಾರ್‍ಯಾಗ ಕೈ ಕೊಟ್ರ ನಾ ಏನ್ ಮಾಡ್ಲಿ?" ಎಂದಳು.

"ಅದು ಹಳೇದಲ್ಲ. ಹ್ವಾದ ವರ್ಷ ಶಿಗ್ಗಾಂವದಾಗ ಬದಲ ಮಾಡ್ಸೇನಿ. ಹುಣಸೀ ಗಿಡದ ಕೆಳಗ. ಮಾಡಿದಾವನ ಹುಬ್ಬಿನ ಮ್ಯಾಲ ಗಾಯದ ಕಲೆ ಇತ್ತು."

"ಶಿಗ್ಗಾಂವದಾಗ ಬದಲ ಮಾಡ್ಸಿದ್ದು ಟಾಯರು. ಸರಪಳಿ ಬದಲ ಮಾಡ್ಸಿದ್ದು ನಿಮ್ಮ ಗೆಳ್ಯಾರೊಬ್ರು, ಅವರ ಸೈಕಲ್ಲಿಗೆ. ಆ ಕಥೀ ಅವರು ನಮ್ಮ ಕಟ್ಟೀ ಮ್ಯಾಲ ಕುಂತು ಹೇಳಿದ್ರು. ನಾನ ಚಾ ಕೊಟ್ಟೇನಿ."

ಹುಣಸೆಮರ, ಹುಬ್ಬಿನ ಕಲೆ ಎಲ್ಲವೂ ಕಣ್ಣಿಗೆ ಕಟ್ಟಿದಂತಿದ್ದವು. ನನ್ನ ಸಿದ್ಧಾಂತದ ಪ್ರಕಾರ ನಾನು ಅಲ್ಲಿಯೇ ಅನುಮಾನಪಡಬೇಕಿತ್ತು. ಪಟ್ಟೆ ಕೂಡ. ಆದರೆ ಅನುಮಾನದ ಲಾಭವನ್ನು ಆರೋಪಿಗೆ ಕೊಡಬೇಕೆಂಬ ಕಾನೂನೂ ಇದೆಯಲ್ಲ. ಆರೋಪಿ ನಾನೇ ಆಗಿದ್ದರಿಂದ ನನಗೇ ಕೊಟ್ಟುಕೊಂಡೆ.

ಚಕ್ರ ಹಾಕಲು ಬಂದವನು ಹಸನಸಾಬ. ಸವಣೂರಿನವನು; ಅಲ್ಲಿಯ ದೊಡ್ಡವರ ಮೋಟಾರುಗಳನ್ನು ತಾನು ಸೀಟಿ ಹೊಡೆದು ಕರೆದರೆ ಬರುತ್ತಿದ್ದವು ಎಂದು ಹೇಳಿಕೊಳ್ಳುತ್ತಿದ್ದ. ಅಂಗಳದಲ್ಲಿ ಗೋಣಿತಟ್ಟು ಹಾಸಿ, ಹಳೆಯ ಚಕ್ರ ಕಳಚಿ, ಹೊಸದನ್ನು ಕೂಡಿಸಿ, ಹಳೆಯ ಸರಪಳಿಯನ್ನು ಅದರ ಮೇಲೆ ಏರಿಸಿ, ಬೆರಳಿನಿಂದ ಹಿಂದಕ್ಕೆ ಜಗ್ಗಿದ. ಸರಪಳಿ ಹಲ್ಲು ಬಿಟ್ಟು ಮೇಲಕ್ಕೆದ್ದಿತು. ಸಂದಿಯೊಳಗಿನಿಂದ ತುಳಸಿಕಟ್ಟೆ ಕಾಣುತ್ತಿತ್ತು.

"ಇಷ್ಟ ಎದ್ರ ನಡೀತೈತಿ, ಹೌದಲ್ಲೋ ಹಸನಸಾಬ?" ಎಂದೆ.

"ನಡೀದ ಏನ್ರಿ ವಕೀಲ್ರ! ಉಕ್ಕು ಐತ್ರಿ ಇದು."

ಒಳಗಿನಿಂದ ನೀಲವ್ವ, "ಹಿಗ್ಗೇತಿ ಅಲ್ಲೇನೋ? ಹೊಸಾ ಹಲ್ಲಿಗೆ ಕುಂದ್ರತೈತೇನು?" ಎಂದಳು.

"ಎಲ್ಲೀದ್ರಿ ಅಕ್ಕಾರ, ಹಿಗ್ಗಿ ಹಗ್ಗ ಆಗೇತ್ರಿ. ಹೊಸಾ ಹಲ್ಲನ್ನೂ ತಿಂದು ಹಾಕ್ತೈತ್ರಿ."

"ಆದ್ರ ಒಂದು ಖೇಪಿಗೆ ಮೋಸಿಲ್ಲ?" ಎಂದೆ.

"ಒಂದು ಖೇಪಿಗೆ ಏನಾಗ್ತೈತ್ರಿ! ಬೆಂಗಳೂರಿಗೆ ಹೋಗಿ ಬರ್ರಿ."

ಇಂಥ ಸಾಕ್ಷಿದಾರನನ್ನು ನಾನು ಎಷ್ಟೋ ಸಲ ಎದುರು ಪಕ್ಷದಿಂದ ಕಸಿದುಕೊಂಡಿದ್ದೇನೆ. ಕೊನೆಯ ಪ್ರಶ್ನೆ ನನ್ನದಾದ್ದರಿಂದ ತೀರ್ಪೂ ನನ್ನದಾಯಿತು. ಹೊಸ ಸರಪಳಿ ಟ್ರಂಕಿನಲ್ಲಿ ಉಳಿಯಿತು. ಒಳಗೆ ನೀಲವ್ವ ರೊಟ್ಟಿ ಬಡಿಯುವ ಸಪ್ಪಳ ತುಸು ಜೋರಾಯಿತು.

ಶುಕ್ರವಾರ ಬೆಳಿಗ್ಗೆ ಹೊರಟೆವು. ಅವಳು ಹಿಂದೆ ಒಂದೇ ಕಡೆ ಕಾಲು ಹಾಕಿ ಕುಳಿತು, ಒಂದು ಕೈಯಲ್ಲಿ ಬುತ್ತಿಯ ಗಂಟನ್ನೂ ಇನ್ನೊಂದರಲ್ಲಿ ನನ್ನ ಕೋಟನ್ನೂ ಹಿಡಿದಿದ್ದಳು. ಸೀರೆ ಕುಬುಸ ಅವಳ ತೊಡೆಯ ಮೇಲಿದ್ದವು. ಊರು ದಾಟುವವರೆಗೆ ಸರಪಳಿ ಗೌರವದಿಂದ ನಡೆದುಕೊಂಡಿತು. ಆಮೇಲೆ ಏರು ಬಂದಾಗಲೆಲ್ಲ ಹೊಸ ಹಲ್ಲಿನ ಮೇಲೆ ಹತ್ತಿ ಕಟಕ್ಕನೆ ಜಾರತೊಡಗಿತು. ಪ್ರತಿ ಸಲವೂ ಕೋಟು ಹಿಡಿದ ಕೈ ಬಿಗಿಯಾಗುತ್ತಿತ್ತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹಿರೇಕೆರೂರು ದಾಟಿ, ಇನ್ನೇನು ಒಂದೇ ದಿಬ್ಬ ಉಳಿಯಿತು ಎನ್ನುವಾಗ ಸರಪಳಿ ಹರಿದು, ಸತ್ತ ಹಾವಿನಂತೆ ರಸ್ತೆಯ ಮೇಲೆ ಬಿತ್ತು.

ನಾನು ಅದನ್ನೂ ಅವಳು ಬಿಸಿಲನ್ನೂ ನೋಡುತ್ತ ನಿಂತೆವು. ಅವಳ ಕಣ್ಣು ತುಂಬಿತ್ತು. "ಶಾಂತವ್ವ ದಾರಿ ನೋಡಾಕತ್ತಿರ್ತಾಳ" ಎಂದಳು, ಅಷ್ಟೇ.

ಹಿಂದಿನಿಂದ ಒಂದು ಚಕ್ಕಡಿ ಬಂತು. ಹೊಡೆಯುತ್ತಿದ್ದ ಮುದುಕ ಇಳಿದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಯಾಕ್ರೀ ಸಾಹೇಬ್ರ, ಕುದರಿಗೆ ಹುಲ್ಲು ಹಾಕಿದ್ದಿಲ್ಲೇನ್ರಿ?" ಎಂದ. ನೀಲವ್ವನಿಂದ ಸಂಗತಿ ಕೇಳಿದ ಮೇಲೆ ನಗೆಯನ್ನು ಮೀಸೆಯಲ್ಲಿ ಮುಚ್ಚಿಕೊಂಡು, "ಹತ್ತಬೇ ತಂಗೀ, ಹೊತ್ತ ಮೀರೂದ್ರಾಗ ಮುಟ್ಟಸ್ತೇನಿ" ಎಂದ. ಮೋಟಾರು ಸೈಕಲ್ಲಿನ ಮುಂಗಾಲಿಯ ಹತ್ತಿರ ಹಗ್ಗ ಬಿಗಿದು ಚಕ್ಕಡಿಯ ಹಿಂದೆ ಕಟ್ಟಿದ. ಹೀಗೆ ಎತ್ತುಗಳು ಚಕ್ಕಡಿಯನ್ನೂ, ಚಕ್ಕಡಿ ನನ್ನನ್ನೂ ಎಳೆಯುತ್ತ ದಿಬ್ಬ ಏರತೊಡಗಿದವು. ನೀಲವ್ವ ಹಿಂದಕ್ಕೆ ಮುಖಮಾಡಿ ಕುಳಿತಿದ್ದಳು. ಹ್ಯಾಂಡಲು ಹಿಡಿದು, ಕೋಟು ಟೊಪ್ಪಿಗೆ ಸಮೇತ ನೆಟ್ಟಗೆ ಕುಳಿತಿದ್ದ ನನ್ನನ್ನು ಬಹಳ ಹೊತ್ತು ನೋಡಿದಳು. ಮೊದಲು ಮೂಗು ಅರಳಿತು, ಆಮೇಲೆ ಸೆರಗು ಬಾಯಿಗೆ ಹೋಯಿತು, ಕಡೆಗೆ ಚಕ್ಕಡಿಯೇ ಅಲುಗುವಂತೆ ನಕ್ಕಳು.

ದಿಬ್ಬದ ನೆತ್ತಿಯಲ್ಲಿ ಚಕ್ಕಡಿ ನಿಲ್ಲಿಸಲು ಹೇಳಿದಳು. ಕೆಳಗೆ ಊರು ಕಾಣುತ್ತಿತ್ತು. ರಸ್ತೆ ಇಳಿಜಾರಾಗಿ ನೇರ ಬೀಗರ ಬಾಗಿಲಿಗೆ ಹೋಗುತ್ತಿತ್ತು.

"ಅಜ್ಜಾರ, ಹಗ್ಗಾ ಬಿಚ್ಚರಿ" ಎಂದು ಇಳಿದುಬಂದು ಹಿಂದಿನ ಸೀಟಿನ ಮೇಲೆ ಕುಳಿತು ನನಗೆ ಹೇಳಿದಳು, "ಹೂಂ, ಬಿಡ್ರಿ. ನನ್ನ ಗಂಡ ಎತ್ತಿನ ಹಿಂದ ಕಟ್ಟಿಸ್ಕೊಂಡು ಬಂದಾ ಅಂತ ನನ್ನ ತಂಗಿ ಮನ್ಯಾಗ ಯಾರೂ ಅನಬಾರ್ದು."

ನಾವು ಗಾಳಿಯಂತೆ ಇಳಿದೆವು. ಎಂಜಿನ್ನಿನ ಒಂದು ಸೊಲ್ಲೂ ಇಲ್ಲದೆ ಬಾಗಿಲ ಮುಂದೆ ನಿಂತಾಗ ಶಾಂತವ್ವ ಹೊಸ್ತಿಲಲ್ಲೇ ಇದ್ದಳು. ಅಕ್ಕನನ್ನು ಕಂಡು ಅವಳ ಮುಖ ಅರಳಿದ ರೀತಿಗೆ ನಾನು ಇನ್ನೊಂದು ದಿಬ್ಬವನ್ನಾದರೂ ಎಳೆಸಿಕೊಂಡು ಬರುತ್ತಿದ್ದೆ. ಅವಳ ಮಾವ ಗಾಡಿಯನ್ನು ಬಗ್ಗಿ ನೋಡಿ ಬೆರಗಾದರು. "ಸದ್ದ ಇಲ್ಲಲ್ರೀ ಇದಕ್ಕ!"

"ಹೊಸಾ ಹಲ್ಲಿನ ಚಕ್ರಾ ಹಾಕ್ಸ್ಯಾರ್ರಿ" ಎಂದಳು ನೀಲವ್ವ, ಗಂಟು ಇಳಿಸುತ್ತ. "ಅದಕ್ಕ ಸದ್ದಿಲ್ಲ." ಉಡಿ ಹೊತ್ತಿಗೆ ಸರಿಯಾಗಿ ತುಂಬಿತು.

ಈಗ ನನಗೆ ಆ ಪ್ರಯಾಣದಲ್ಲಿ ಸ್ಪಷ್ಟವಾಗಿ ನೆನಪಿರುವುದು ಇಷ್ಟೇ: ಆ ಇಳಿಜಾರು, ಕಿವಿಯಲ್ಲಿ ಗಾಳಿ, ಬೆನ್ನ ಹಿಂದೆ ಅವಳ ನಗು, ಹಳೆಯ ಸರಪಳಿ ಹಾನಗಲ್ಲಿನಿಂದ ಬೀಗರ ಬಾಗಿಲವರೆಗೂ ಗಟ್ಟಿಯಾಗಿ ಎಳೆದದ್ದು. ಯಾವ ಕೋರ್ಟಿನಲ್ಲಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ಹರಿದ ಸರಪಳಿ, ಚಕ್ಕಡಿ, ಹಗ್ಗ, ಮುದುಕ ಮುಂತಾದವುಗಳನ್ನು ನೀಲವ್ವ ಪಕ್ಕದಲ್ಲಿ ಕುಳಿತು ಹೇಳಿದಂತೆ ಬರೆದಿದ್ದೇನೆ.