ಹೊರಡದೆ ಬಂದವರು

ನಮ್ಮ ಕಣಿವೆ ರೈಲಿನ ನಿಯಮಾವಳಿಯ ಹದಿನೇಳನೆಯ ಕಲಮಿನ ಪ್ರಕಾರ, ನಿಲ್ದಾಣದ ಹಳದಿ ಯಂತ್ರಕ್ಕೆ ಟಿಕೆಟ್ಟಿನ ತುದಿ ತೂರಿಸಿ ಮುದ್ರೆ ಒತ್ತಿಸದ ಮನುಷ್ಯನು ಪ್ರಯಾಣ ಆರಂಭಿಸಿರುವುದಿಲ್ಲ. ಅವನು ರೈಲಿನಲ್ಲಿ ಕೂತಿರಬಹುದು, ರೈಲು ಓಡುತ್ತಿರಬಹುದು, ಅವನು ಕಿಟಕಿಯಿಂದ ದ್ರಾಕ್ಷಿ ತೋಟ ನೋಡಿ ಖುಷಿಪಡುತ್ತಿರಬಹುದು. ಅದೆಲ್ಲ ಅವನ ಖಾಸಗಿ ವಿಷಯ. ಮುದ್ರೆ ಇಲ್ಲದವನು ಹೊರಟಿಲ್ಲ, ಹೊರಡದವನು ಬಂದಿರಲು ಸಾಧ್ಯವಿಲ್ಲ. ಪಿಯೆವೆಲುಂಗಾ ನಿಲ್ದಾಣದ ‘ಆರಂಭವಾಗದ ಪ್ರಯಾಣಗಳ ವಿಭಾಗ’ಕ್ಕೆ ಇಪ್ಪತ್ತೇಳು ವರ್ಷದಿಂದ ಮುಖ್ಯಸ್ಥನಾಗಿರುವ ತುಲ್ಲಿಯೊ ಎಂಬ ನಾನು ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ವಿಭಾಗದಲ್ಲಿ ಮುಖ್ಯಸ್ಥನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಐದು ವರ್ಷದ ಹಿಂದೆ ಮೇ ತಿಂಗಳ ಎರಡನೆಯ ಭಾನುವಾರ ನಡೆದದ್ದನ್ನು ಜನ ಉಪ್ಪು ಖಾರ ಹಚ್ಚಿ ಹೇಳಿಕೊಂಡು ತಿರುಗುತ್ತಿರುವುದರಿಂದ, ಇದ್ದದ್ದನ್ನು ಇದ್ದ ಹಾಗೆ ದಾಖಲಿಸುವುದು ನನ್ನ ಕರ್ತವ್ಯ.

ನಮ್ಮೂರ ಗುಡ್ಡದ ಮೇಲೊಂದು ಪುಟ್ಟ ಚರ್ಚಿದೆ. ಯುದ್ಧದಲ್ಲಿ ಬಾಂಬು ಬಿದ್ದು ಅದರ ಗೋಡೆ ಕುಸಿದಿತ್ತು. ಯುದ್ಧ ಮುಗಿದ ಮೇಲೆ ಊರಿನ ಚಿತ್ರಕಾರನೊಬ್ಬ ಗೋಡೆಯ ಏಳು ದೇವದೂತೆಯರನ್ನು ಮತ್ತೆ ಬರೆದ. ಆರು ಜನರ ಮೂಗು ನೆಟ್ಟಗಿದೆ. ಏಳನೆಯವಳ ಮೂಗಿನ ನಡುವೆ ಒಂದು ಗಂಟು, ತುದಿ ತುಸು ಎಡಕ್ಕೆ. ಇದು ಜೀರ್ಣೋದ್ಧಾರ ಸಮಿತಿಯ ಕಣ್ಣಿಗೆ ಬಿತ್ತು. ಸಮಿತಿ ಚರ್ಚನ್ನು ಮುಚ್ಚಿಸಿ, ಇಪ್ಪತ್ತೈದು ವರ್ಷ ಸಭೆ ಸೇರಿ, ಸಭೆಗೊಂದು ಊಟದಂತೆ ಉಂಡು, ಕೊನೆಗೆ ಹೀಗೆ ನಿರ್ಣಯಿಸಿತು: ‘ಸದರಿ ಮೂಗು ಚಿತ್ರಕಾರನ ಕೈತಪ್ಪು. ಉಳಿದ ಆರು ಮೂಗುಗಳಿಗೆ ಅನುಗುಣವಾಗಿ ಅದನ್ನು ಸರಿಪಡಿಸತಕ್ಕದ್ದು.’

ನಂತರ ಊರೂರಿಗೆ ಪ್ರಕಟಣೆ ಅಂಟಿಸಿದರು. ‘ಮೂಗಿನ ಕಾಮಗಾರಿ ಸೋಮವಾರದಿಂದ. ಅದಕ್ಕೆ ಮುನ್ನ, ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಸಾರ್ವಜನಿಕರಿಗೆ ಪ್ರವೇಶ. ಕಣಿವೆ ರೈಲಿನ ಮುದ್ರೆ ಒತ್ತಿದ ಟಿಕೆಟ್ ಇದ್ದವರಿಗೆ ಮಾತ್ರ. ಪಿಯೆವೆಲುಂಗಾ ನಿವಾಸಿಗಳಿಗೆ ಅವಕಾಶವಿಲ್ಲ. ಅವರು ಮೊದಲೇ ನೋಡಿರುತ್ತಾರೆ. ಮುದ್ರೆಗಳ ಸಂಖ್ಯೆಯನ್ನು ಜನರ ಆಸಕ್ತಿಯೆಂದು ಪರಿಗಣಿಸಿ ಪ್ರಾಂತ್ಯ ಸರಕಾರವು ಸಮಿತಿಗೆ ಅನುದಾನ ನೀಡುವುದು.’

ಕಣಿವೆಯ ಆ ತುದಿಯ ಕಾಸ್ತೆಲ್‌ಗ್ರೀಜೊದಲ್ಲಿ ಈ ಪ್ರಕಟಣೆಯನ್ನು ನಿಂತು ಮೂರು ಸಲ ಓದಿದವಳು ಎರ್ಸಿಲಿಯಾ. ಅರವತ್ತೊಂದು ವರ್ಷ, ಕೈಗವಸಿನ ಕಾರ್ಖಾನೆಯಿಂದ ನಿವೃತ್ತಿ. ಅವಳ ಗಂಡ ಓರೆಸ್ತೆ ಮೂವತ್ತು ವರ್ಷ ಕಟಿಂಗ್ ಶಾಪ್ ನಡೆಸಿದವನು. ಆ ಭಾನುವಾರ ಇಬ್ಬರೂ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು, ಒಂಬತ್ತೂವರೆ ರೈಲಿಗೆ ನಿಲ್ದಾಣಕ್ಕೆ ಬಂದರು. ಹಳದಿ ಯಂತ್ರದ ಬಾಯಿಗೆ ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿತ್ತು. ಅದರ ಕೆಳಗೆ ‘ಮೇಲಿನ ಚೀಟಿ ಕೀಳಬಾರದು’ ಎಂಬ ಇನ್ನೊಂದು ಚೀಟಿ. ಎರಡೂ ಬಿಸಿಲಿಗೆ ಬೆಳ್ಳಗಾಗಿದ್ದವು.

“ಯಂತ್ರ ಕೆಟ್ಟಿದ್ರೆ ಪೆನ್ನಲ್ಲಿ ದಿನಾಂಕ, ಟೈಮು ಬರೀಬೇಕು ಅಂತ ಗೋಡೆ ಮೇಲೆ ಹಾಕಿದಾರೆ. ಬರೀತೀನಿ ಬಿಡು,” ಎಂದ ಓರೆಸ್ತೆ.

“ಎರಡೆರಡು ಸಲ ಬರಿ,” ಎಂದಳು ಎರ್ಸಿಲಿಯಾ. “ಇವರನ್ನ ನಂಬಕ್ಕಾಗಲ್ಲ.”

ಮುಂದಿನದು ರೈಲಿನ ಟಿಕೆಟ್ ಪರೀಕ್ಷಕ ಫುಲ್ವಿಯೊ ಬರೆದುಕೊಟ್ಟ ವರದಿಯಲ್ಲಿದೆ. ಅವನು ಎರಡೂ ಟಿಕೆಟ್ ತಿರುಗಿಸಿ ನೋಡಿ, ಟೋಪಿ ತೆಗೆದು ಹೇಳಿದ: “ಸಿನ್ಯೋರಾ, ನಿಮ್ಮ ತಪ್ಪು ಏನೇನೂ ಇಲ್ಲ. ಅದಕ್ಕೇ ದಂಡ ಹಾಕ್ತಿಲ್ಲ. ಆದ್ರೆ ಪೆನ್ನಲ್ಲಿ ಬರೆದಿದ್ದು ಮುದ್ರೆ ಅಲ್ಲ, ನೀವಿನ್ನೂ ಹೊರಟಿಲ್ಲ.”

“ಹೊರಟಿಲ್ಲ ಅಂದ್ರೆ ಏನಯ್ಯಾ? ಸುರಂಗ ದಾಟಿ ಆಯ್ತಲ್ಲ!” ಎಂದ ಓರೆಸ್ತೆ.

“ರೈಲು ದಾಟಿದೆ. ನಾನು ನಿಮ್ಮ ವಿಷಯ ಹೇಳ್ತಿರೋದು.”

“ಹಾಗಾದ್ರೆ ನಾನೀಗ ಎಲ್ಲಿದೀನಿ?”

“ಕಾಸ್ತೆಲ್‌ಗ್ರೀಜೊದಲ್ಲಿ. ಆರಾಮಾಗಿ ಕೂತ್ಕೊಳ್ಳಿ, ಹೊರಡದೇ ಇರೋರಿಗೂ ಸೀಟಿದೆ.”

ಎರ್ಸಿಲಿಯಾ ಗಂಡನ ಕಡೆ ತಿರುಗಿದಳು. “ಗ್ಯಾಸ್ ಆರಿಸಿದ್ವೋ ಇಲ್ವೋ ಅಂತ ಆಗ್ಲಿಂದ ಪ್ರಾಣ ತಿಂತಿದೀಯಲ್ಲ. ಊರಲ್ಲೇ ಇದೀವಂತೆ, ಹೋಗಿ ನೋಡ್ಕೊಂಡು ಬಾ.”

ಚರ್ಚಿನ ಗೇಟಿನಲ್ಲಿ ಕಾವಲಿಗಿದ್ದವನು ಇವಾನೊ. ನನ್ನ ಹೆಂಡತಿಯ ತಮ್ಮ. ಆ ಕೆಲಸ ಅವನಿಗೆ ಸಿಕ್ಕಿದ್ದು ಅರ್ಹತೆಯಿಂದಲೇ, ಸಂದರ್ಶನಕ್ಕೆ ಅವನೊಬ್ಬನೇ ಬಂದಿದ್ದ. ರೈಲಿನಿಂದ ಇಳಿದು ಗುಡ್ಡ ಹತ್ತಿದ ನಲವತ್ತೊಂದು ಮಂದಿಯನ್ನೂ ಅವನು ಸಾಲಾಗಿ ತಿರಸ್ಕರಿಸಿದ. ಸುಧಾರಣೆಯ ಹೆಸರಿನಲ್ಲಿ ನಡುವಿನ ಮೂರು ನಿಲ್ದಾಣಗಳನ್ನು ಮುಚ್ಚಿರುವುದರಿಂದ ಎಲ್ಲರೂ ಕಾಸ್ತೆಲ್‌ಗ್ರೀಜೊದಲ್ಲೇ ಹತ್ತಿದವರು, ಯಾರಲ್ಲೂ ಮುದ್ರೆ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮಲ್ಲಿ ಪಾದ್ರಿಯೂ ಕೊಡಲು ಸಿದ್ಧರಿದ್ದರು, ಇವಾನೊ ಕೊಡಲಿಲ್ಲ. ಮೂವತ್ತೊಂಬತ್ತು ಮಂದಿ ಶಪಿಸುತ್ತ ಗುಡ್ಡದ ಬುಡದ ಬಾರಿಗೆ ಕಾಫಿ ಕುಡಿಯಲು ಹೋದರು. ಎರ್ಸಿಲಿಯಾ ಮತ್ತು ಓರೆಸ್ತೆ ಮಾತ್ರ ನನ್ನ ಕಚೇರಿಗೆ ಬಂದರು.

ನಾನು ಅವರನ್ನು ಕೂರಿಸಿ, ಕಾಸ್ತೆಲ್‌ಗ್ರೀಜೊ ನಿಲ್ದಾಣಾಧಿಕಾರಿಯು ಯಂತ್ರ ಕೆಟ್ಟಿರುವುದನ್ನು ದೃಢೀಕರಿಸಿದರೆ ಮುಂದಿನ ಕ್ರಮ ಸಾಧ್ಯವೆಂದು ತಿಳಿಸಿ, ಆ ಅಧಿಕಾರಿಗೆ ಫೋನ್ ಮಾಡಿದೆ. ಪಕ್ಕದ ಮೇಜಿನ ಫೋನು ಹೊಡೆದುಕೊಂಡಿತು. ಒಂಬತ್ತು ವರ್ಷದ ಹಿಂದೆ ಆ ನಿಲ್ದಾಣಾಧಿಕಾರಿಯ ಹುದ್ದೆಯನ್ನು ನನ್ನ ಕೋಣೆಗೇ ವರ್ಗಾಯಿಸಿ, ಹೆಚ್ಚುವರಿ ಹೊಣೆಯನ್ನು ನನಗೇ ವಹಿಸಿದ್ದರು. ನಾನು ರಿಸೀವರನ್ನು ಮೇಜಿನ ಮೇಲಿಟ್ಟು, ಎದ್ದು ಹೋಗಿ ಆ ಕುರ್ಚಿಯಲ್ಲಿ ಕೂತು ಅಲ್ಲಿಯ ಫೋನ್ ಎತ್ತಿ “ಹಲೋ” ಎಂದೆ. ಎರಡು ಸಲ ಎಂದೆ. ನಂತರ ಇಟ್ಟು ಹಿಂದಿರುಗಿದೆ.

“ಅವರು ಫೋನ್ ಎತ್ತಿದರು,” ಎಂದೆ. “ಆದರೆ ಈ ಕಡೆಯಿಂದ ಯಾರೂ ಮಾತಾಡಲಿಲ್ಲ.”

ಓರೆಸ್ತೆ ಎರಡೂ ಕುರ್ಚಿಗಳನ್ನು ನೋಡಿದ. “ಸ್ವಾಮಿ, ಅಲ್ಲಿ ಕೂತಿದ್ದೂ ನೀವೇ ಅಲ್ವಾ?”

“ಕೂತಿದ್ದು ನಾನೇ. ಹುದ್ದೆ ಬೇರೆ.”

“ಹಾಗಾದ್ರೆ ಅವರಿಗೊಂದು ಕಾಗದ ಬರೀರಿ,” ಎಂದಳು ಎರ್ಸಿಲಿಯಾ. ಹೆಂಗಸು ಬುದ್ಧಿವಂತೆ. ಈ ಮಾತು ನನಗೇ ಹೊಳೆಯಬೇಕಿತ್ತು.

ಕಾಗದ ಬರೆದೆ. ಆ ಮೇಜಿಗೆ ಹೋಗಿ ಸ್ವೀಕರಿಸಿ, ಆವಕ ಪುಸ್ತಕದಲ್ಲಿ ದಾಖಲಿಸಿ, ಸಾಕಷ್ಟು ಯೋಚಿಸಿ ಉತ್ತರ ಬರೆದೆ: ‘ಯಂತ್ರವನ್ನು ಕಣ್ಣಾರೆ ಕಾಣದೆ ದೃಢೀಕರಿಸಲಾಗದು. ಸ್ಥಳ ಪರಿಶೀಲನೆಗೆ ಪ್ರಯಾಣಾನುಮತಿ ಕೋರಿದೆ.’ ಅದನ್ನು ಈ ಮೇಜಿಗೆ ತಂದು ಓದಿದಾಗ ನನಗೇ ಬೇಸರವಾಯಿತು. ಆ ಮನುಷ್ಯ ಇಷ್ಟು ಮೊಂಡನೆಂದು ತಿಳಿದಿರಲಿಲ್ಲ. ಅಷ್ಟರಲ್ಲಿ ಗಂಟೆ ಒಂದು ಹೊಡೆಯಿತು.

ಒಂದರಿಂದ ಮೂರರವರೆಗೆ ಊಟದ ವಿರಾಮ. ನಮ್ಮ ನಿಯಮಗಳಲ್ಲಿ ಚಾಚೂ ತಪ್ಪದೆ ಪಾಲನೆಯಾಗುವುದು ಇದೊಂದೇ. ದಂಪತಿ ಆ ಹೊತ್ತಿನಲ್ಲಿ ಊರು ನೋಡಲು ಹೋದರು. ಗಡಿಯಾರ ಗೋಪುರ ದುರಸ್ತಿಗಾಗಿ ಮುಚ್ಚಿತ್ತು. ವಸ್ತುಸಂಗ್ರಹಾಲಯ ಊಟಕ್ಕಾಗಿ ಮುಚ್ಚಿತ್ತು. ಕಾರಂಜಿಗೆ ಹಸಿರು ಪ್ಲಾಸ್ಟಿಕ್ ಸುತ್ತಿತ್ತು. ಓರೆಸ್ತೆ ಒಂದೊಂದರ ಮುಂದೆಯೂ ಹೆಂಡತಿಯನ್ನು ನಿಲ್ಲಿಸಿ ಫೋಟೊ ತೆಗೆದು, ಚೆನ್ನಾಗಿ ಬಂದಿದೆಯೆಂದ. ನಂತರ ಇಬ್ಬರೂ ನಾನು ಕೂತಿದ್ದ ಪ್ಲಾಟ್‌ಫಾರ್ಮಿನ ಬೆಂಚಿಗೆ ಬಂದು, ನನ್ನ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದರು. ಆಮ್ಲೆಟ್ ತುಂಬಿದ ದಪ್ಪ ಬ್ರೆಡ್ಡು. ಎರ್ಸಿಲಿಯಾ ಅರ್ಧ ಮುರಿದು ನನಗೆ ಕೊಟ್ಟಳು.

“ತಿನ್ನಿ. ಈಗ ನೀವು ಯಾವ ಮೇಜಿನೋರೂ ಅಲ್ವಲ್ಲ,” ಎಂದಳು. ಆಮೇಲೆ ತನ್ನ ಮುಖವನ್ನು ಪಕ್ಕಕ್ಕೆ ತಿರುಗಿಸಿದಳು. “ಈ ಮೂಗು ನೋಡಿ.”

ನೋಡಿದೆ. ನಡುವೆ ಗಂಟು, ತುದಿ ತುಸು ಎಡಕ್ಕೆ. ಚಿಕ್ಕಂದಿನಲ್ಲಿ ಪಾದ್ರಿಯ ಉಪದೇಶ ಮುಗಿಯುವ ತನಕ ಬೇಸರದಿಂದ ಗೋಡೆ ನೋಡುತ್ತ ಕೂತಿದ್ದ ನನಗೆ ಆ ಮೂಗಿನ ಪರಿಚಯ ಚೆನ್ನಾಗಿಯೇ ಇತ್ತು.

“ನಮ್ಮಮ್ಮ ಈ ಊರಲ್ಲಿ ಬಟ್ಟೆ ಒಗೀತಿದ್ಲು. ಚಿತ್ರ ಬರೆಯೋನು ಅವಳನ್ನ ಕೂರಿಸ್ಕೊಂಡು ಬರೆದಿದ್ದು. ನಂಗೆ ಹನ್ನೊಂದು ತಿಂಗಳಿದ್ದಾಗ ಸತ್ತೋದ್ಲು. ಒಂದು ಫೋಟೊ ಇಲ್ಲ. ನಮ್ಮ ಸೋದರತ್ತೆ ಈ ವಿಷಯ ಹೇಳಿದ್ದು ಅವಳ ಕೊನೇ ದಿನ, ನೀವು ಚರ್ಚು ಮುಚ್ಚಿದ ಮುಂದಿನ ವಾರ. ಅಪ್ಪನ ಮನೇಲಿ ಯಾರಿಗೂ ಇಂಥ ಮೂಗಿಲ್ಲ. ಇದು ಯಾರ ಮೂಗೇ ಅಂತ ಊರೆಲ್ಲ ನಗ್ತಿತ್ತು. ನಾಳೆ ಅದನ್ನೂ ಕೆರೆದು ಹಾಕ್ತೀರಂತಲ್ಲ. ಒಂದೇ ಒಂದ್ಸಲ ನೋಡಿಬಿಡ್ತೀನಿ ಸ್ವಾಮಿ.”

“ನಾನು ಮದ್ವೆಗೆ ಮುಂಚೇನೇ ಹೇಳಿದ್ದೆ, ಮೂಗು ನೋಡೇ ಒಪ್ಕೊಂಡೆ ಅಂತ. ನಂಬ್ಲೇ ಇಲ್ಲ,” ಎಂದ ಓರೆಸ್ತೆ.

“ಬೋಳು ತಲೆಯೋರಿಗೂ ಕ್ರಾಪು ಚೆನ್ನಾಗಿದೆ ಅನ್ನೋನ ಮಾತು ಯಾರು ನಂಬ್ತಾರೆ?”

ನನಗೆ ತುಂಬ ಸಂಕಟವಾಯಿತು. ಊಟದ ವಿರಾಮದಲ್ಲಿ ಸಂಕಟಪಡಲು ನಿಯಮಗಳ ಅಡ್ಡಿಯಿಲ್ಲ.

ಮೂರು ಗಂಟೆಗೆ ಕಚೇರಿ ತೆರೆದು ನಿಯಮಾವಳಿಯನ್ನು ಮೊದಲಿನಿಂದ ತಿರುವಿದೆ. ನನ್ನ ವಿಭಾಗಕ್ಕೆ ಒಂದೇ ಒಂದು ಪ್ರಮಾಣಪತ್ರ ನೀಡುವ ಅಧಿಕಾರವಿತ್ತು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಧೂಳು ಝಾಡಿಸಿ ಬರೆದೆ: ‘ಸದರಿ ದಂಪತಿಯು ಈ ದಿನ ಬೆಳಿಗ್ಗೆಯಿಂದ ಕಾಸ್ತೆಲ್‌ಗ್ರೀಜೊ ಬಿಟ್ಟು ಹೊರಟಿಲ್ಲವೆಂದೂ, ಈ ಪತ್ರವನ್ನು ಪಿಯೆವೆಲುಂಗಾ ಕಚೇರಿಗೆ ಖುದ್ದಾಗಿ ಬಂದು ಸಹಿ ಹಾಕಿ ಪಡೆದಿರುತ್ತಾರೆಂದೂ ಪ್ರಮಾಣೀಕರಿಸಲಾಗಿದೆ.’ ಮೊಹರು ಒತ್ತಿ, ಅವರ ಜೊತೆ ನಾನೂ ಗುಡ್ಡ ಹತ್ತಿದೆ.

ಇವಾನೊ ಪತ್ರವನ್ನು ಎರಡು ಸಲ ಓದಿದ. “ಭಾವ, ಇವರು ಇಲ್ಲಿಲ್ಲ ಅಂತ ಬರ್ದಿದೆ.”

“ಹೌದು.”

“ಇಲ್ಲದೇ ಇರೋರನ್ನ ನಾನು ಹೇಗೆ ತಡೀಲಿ?”

“ತಡೆಯಕ್ಕಾಗಲ್ಲ.”

“ಮತ್ತೆ ಲೆಕ್ಕದ ಪುಸ್ತಕದಲ್ಲಿ ಬರ್ಕೊಳ್ಲಾ?”

“ಇಲ್ಲದೇ ಇರೋರನ್ನ ಹೇಗಯ್ಯಾ ಬರ್ಕೊಳ್ತೀಯ?”

ಅವನು ಗೇಟು ತೆರೆದ. ಇದನ್ನು ಕಂಡು ಬಾರಿನಿಂದ ಮೂವತ್ತೊಂಬತ್ತು ಮಂದಿ ಏದುಸಿರು ಬಿಡುತ್ತ ಓಡಿ ಬಂದರು. ನಾನು ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಎಲ್ಲರಿಗೂ ಬರೆದುಕೊಟ್ಟೆ. ಬರೆದು ಮುಗಿಸಿ ಒಳಗೆ ಹೋದಾಗ ಎರ್ಸಿಲಿಯಾ ಏಳನೆಯ ದೇವದೂತೆಯ ಕೆಳಗೆ ಕತ್ತೆತ್ತಿ ನಿಂತಿದ್ದಳು. ತನ್ನ ಮೂಗನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

“ಎಷ್ಟು ಚಿಕ್ಕೋಳು ಕಣೋ ಓರೆಸ್ತೆ,” ಎಂದಳು. “ಇಪ್ಪತ್ಮೂರು ವರ್ಷದ ಹುಡುಗಿ. ನಾನೇ ಇವಳಿಗೆ ಅಮ್ಮನ ಹಾಗಿದೀನಿ.” ಓರೆಸ್ತೆ ಕ್ಯಾಮೆರಾ ಎತ್ತಿದವನು ಹಾಗೆಯೇ ಇಳಿಸಿ ಹೆಂಡತಿಯ ಭುಜ ಹಿಡಿದುಕೊಂಡ.

ನಾಲ್ಕಕ್ಕೆ ಇವಾನೊ ಗಂಟೆ ಬಾರಿಸಿ ಸಮಯ ಮುಗಿಯಿತೆಂದ. “ಇಲ್ಲದೇ ಇರೋರಿಗೆ ಸಮಯ ಹೇಗಪ್ಪಾ ಮುಗಿಯುತ್ತೆ?” ಎಂದ ಓರೆಸ್ತೆ. ಇವಾನೊ ನನ್ನ ಮುಖ ನೋಡಿದ. ವಾದ ನಿಯಮಬದ್ಧವಾಗಿತ್ತು. ಐದೂ ನಲವತ್ತರ ರೈಲಿನವರೆಗೆ ಯಾರೂ ಕದಲಲಿಲ್ಲ. ವಾಪಸಾಗುವಾಗ ಫುಲ್ವಿಯೊ ಅವರನ್ನು ಟಿಕೆಟ್ಟೇ ಕೇಳಲಿಲ್ಲ. ಬರದವರು ಹಿಂದಿರುಗುವುದಕ್ಕೆ ಟಿಕೆಟ್ ಇರುವುದಿಲ್ಲ.

ಲೆಕ್ಕದ ಪುಸ್ತಕ ಪ್ರಾಂತ್ಯ ಸರಕಾರಕ್ಕೆ ಹೋಯಿತು. ‘ಸಂದರ್ಶಕರು: ಶೂನ್ಯ. ಜನರ ಆಸಕ್ತಿ: ಶೂನ್ಯ. ಅನುದಾನ: ಅದೇ ಪ್ರಕಾರ,’ ಎಂದು ಉತ್ತರ ಬಂತು. ಅನುದಾನವಿಲ್ಲದೆ ಮೂಗಿನ ಕಾಮಗಾರಿ ನಿಂತಿತು. ಸಮಿತಿ ಸಭೆ ಸೇರಿ, ಉಂಡು, ಮುಂದಿನ ವರ್ಷ ಮತ್ತೆ ಒಂದು ದಿನ ಚರ್ಚು ತೆರೆದು ಆಸಕ್ತಿಯನ್ನು ಸಾಬೀತುಪಡಿಸಲು ನಿರ್ಣಯಿಸಿತು. ಅದಾಗಿ ಐದು ವರ್ಷವಾಯಿತು. ಪ್ರತಿ ವರ್ಷವೂ ಕಾಸ್ತೆಲ್‌ಗ್ರೀಜೊದಿಂದ ಊರಿಗೆ ಊರೇ ರೈಲು ತುಂಬಿ ಬರುತ್ತದೆ, ಪ್ರತಿ ವರ್ಷವೂ ಶೂನ್ಯ. ಇದರ ಕಾರಣ ತಿಳಿಯಲು ಪ್ರಾಂತ್ಯದಿಂದ ಒಬ್ಬ ತನಿಖಾಧಿಕಾರಿ ಬಂದಿದ್ದರು. ಅವರೂ ಕಾಸ್ತೆಲ್‌ಗ್ರೀಜೊದಲ್ಲೇ ರೈಲು ಹತ್ತಿದ್ದರಿಂದ, ಬಾರದೆ ಬರೆದ ವರದಿಯೆಂದು ಅದನ್ನು ಮೇಲಿನವರು ತಿರಸ್ಕರಿಸಿದರು.

ಎರ್ಸಿಲಿಯಾ ಮಾತ್ರ ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ಮುದ್ರೆ ಬೀಳದ ಟಿಕೆಟ್ ಬಳಕೆಯಾಗಿರುವುದಿಲ್ಲವಾದ್ದರಿಂದ ಅದೇ ಟಿಕೆಟ್ಟಿನಲ್ಲಿ, ಅದೇ ಪ್ರಮಾಣಪತ್ರ ಹಿಡಿದು. ಇವಾನೊ ಮುಚ್ಚಿದ ಗೇಟು ತೆರೆದು ಎದ್ದು ನಿಲ್ಲುತ್ತಾನೆ. ಅಮ್ಮನನ್ನು ನೋಡಿಕೊಂಡು ಹೋಗುವ ಮಗಳನ್ನು ತಡೆಯಲು ಯಾವ ಕಲಮೂ ಇಲ್ಲ.

ಹೋದ ತಿಂಗಳು ಯಂತ್ರದ ಸ್ಥಳ ಪರಿಶೀಲನೆಗೆ ನಾನು ಕೋರಿದ್ದ ಪ್ರಯಾಣಾನುಮತಿ ಮಂಜೂರಾಗಿ ಬಂತು. ನಾನು ಹೋಗಿ ಕೆಟ್ಟಿದೆಯೆಂದು ಬರೆದರೆ ದುರಸ್ತಿಯಾಗುತ್ತದೆ. ದುರಸ್ತಿಯಾದರೆ ಮುದ್ರೆ, ಮುದ್ರೆಯಾದರೆ ಅನುದಾನ, ಅನುದಾನ ಬಂದರೆ ಮೂಗು ನೆಟ್ಟಗೆ. ಕರ್ತವ್ಯ ಕರ್ತವ್ಯವೇ. ಟಿಕೆಟ್ ಕೊಂಡು ನಮ್ಮ ನಿಲ್ದಾಣದ ಯಂತ್ರದ ಮುಂದೆ ನಿಂತೆ. ಅದು ಸರಿಯಾಗಿಯೇ ಇದೆ, ಹಸಿರು ದೀಪ ಉರಿಯುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಟಿಕೆಟ್ಟನ್ನು ಹಾಗೆಯೇ ಜೇಬಿಗೆ ಹಾಕಿಕೊಂಡು ರೈಲು ಹತ್ತಿದೆ.

ಆದಕಾರಣ ನಾನಿನ್ನೂ ಹೊರಟಿಲ್ಲ, ಸ್ಥಳ ಪರಿಶೀಲನೆ ಬಾಕಿ ಇದೆ. ಅಂದು ಮಧ್ಯಾಹ್ನ ಕಾಸ್ತೆಲ್‌ಗ್ರೀಜೊದಲ್ಲಿ ಎರ್ಸಿಲಿಯಾಳ ಮನೆಯಲ್ಲಿ ಊಟಕ್ಕೆ ಕೂತಾಗ ಫುಲ್ವಿಯೊ ಮತ್ತು ಇವಾನೊ ನನಗಿಂತ ಮೊದಲೇ ಅಲ್ಲಿದ್ದರು. ನಾನು ಸಾಕೆಂದು ಕೈ ಅಡ್ಡ ಹಿಡಿದರೂ ಕೇಳದೆ ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಪಾಸ್ತಾ ಬಡಿಸಿದಳು.

“ನಾಚ್ಕೋಬೇಡಿ, ಹಾಕಿಸ್ಕೊಳ್ಳಿ ಸ್ವಾಮಿ,” ಎಂದಳು. “ನೀವೇನು ಬಂದಿದೀರಾ?”